ಶಿಲುಬೆ ಏನು, ಲಾಟರಿ ಟಿಕೇಟೇ?

ಮಂಗಳೂರಿನಲ್ಲಿ ಬಸ್ಸಿಗೆ ಕಾಯುವವರು ಗೋಡೆ ಓದಿಯೇ ಹೊತ್ತು ಕಳೆಯಬೇಕು. ಮೂಲವ್ಯಾಧಿ ಚಿಕಿತ್ಸೆಯ ಪಕ್ಕದಲ್ಲೇ ಪ್ರಾರ್ಥನಾ ಕೂಟದ ಪೋಸ್ಟರು. ಸಾಲ ತೀರ್ತದೆ, ವೀಸಾ ಸಿಗ್ತದೆ, ವ್ಯಾಪಾರ ಕುದುರ್ತದೆ, ಬನ್ನಿ! ಮೂಲೆಯಲ್ಲೊಂದು ಪುಟ್ಟ ಶಿಲುಬೆ, ರಬ್ಬರ್ ಸ್ಟ್ಯಾಂಪಿನ ಹಾಗೆ.

ಶಿಲುಬೆಯ ಮೇಲಿದ್ದವನ ಮೈಮೇಲೆ ಬಟ್ಟೆಯನ್ನೂ ಬಿಡಲಿಲ್ಲ ಮಾರಾಯ್ರೆ. ಅವನ ಹೆಸರಲ್ಲಿ ಲಾಭದ ಗ್ಯಾರಂಟಿ ಕೊಡುವುದು ಯಾವ ಲೆಕ್ಕ?

ರೋಗ ಹಳೆಯದು. ಕ್ರಿ.ಶ. 50ರ ಸುಮಾರಿಗೆ ಸಂತ ಪೌಲರು ಕೊರಿಂಥದಲ್ಲಿ ಸಭೆ ಕಟ್ಟಿದರು. ಎರಡು ಬಂದರುಗಳಿದ್ದ ವ್ಯಾಪಾರದ ಊರು ಅದು. ಅವರು ಆಚೆ ಹೋದದ್ದೇ ತಡ, ಪೌಲನ ಕಡೆಯವರು, ಅಪೊಲ್ಲೋಸನ ಕಡೆಯವರು ಅಂತ ಪಾರ್ಟಿ ಶುರು. ಆಗ ಪೌಲರು ಬರೆದದ್ದು ಇಷ್ಟೇ: ತಾನು ತಂದದ್ದು ಭಾಷಣದ ಜಾಣತನವಲ್ಲ, ಶಿಲುಬೆಗೇರಿದ ಕ್ರಿಸ್ತನ ಸುದ್ದಿ ಮಾತ್ರ. ಶಿಲುಬೆಯೆಂದರೆ ಆಗ ಗುಲಾಮರಿಗೆ, ದಂಗೆಕೋರರಿಗೆ ರೋಮನರು ಕೊಡುತ್ತಿದ್ದ ಶಿಕ್ಷೆ. ಗ್ರೀಕರಿಗೆ ಅದು ಹುಚ್ಚು ಮಾತು. ಆದರೂ ಪೌಲರು ಮಾತು ಬದಲಿಸಲಿಲ್ಲ. ಕೊರಿಂಥದಲ್ಲಿ ಹೊಟ್ಟೆಪಾಡಿಗೆ ಅವರು ಗುಡಾರದ ಕೆಲಸ ಮಾಡಿದರು.

1834ರಲ್ಲಿ ಮಂಗಳೂರಿಗೆ ಬಾಸೆಲ್ ಮಿಶನ್ ಬಂತು. ಅವರ ಮಾತು ನಂಬಿ ಹೋದವರಿಗೆ ಸಿಕ್ಕಿದ್ದೇನು? ಜಾತಿಯವರು ಹೊರಗಿಟ್ಟರು, ಕಸುಬು ಹೋಯಿತು. ಅವರ ಗಂಜಿಗೆ ದಾರಿಯಾಗಲೆಂದೇ ನೇಯ್ಗೆ ಬಂತು, 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಬಂತು. ಕೊನೆಗೆ ಮಿಶನ್ ಅಂದರೆ ಜನಕ್ಕೆ ಹಂಚೇ ನೆನಪಾಗತೊಡಗಿತು, ಅದು ಬೇರೆ ಮಾತು. ಮೊದಲಿನವರಿಗೆ ಶಿಲುಬೆ ನಷ್ಟದ ಬಾಬ್ತು ಅಂತ ಗೊತ್ತಿತ್ತು, ಗೊತ್ತಿದ್ದೇ ಹೋದರು.

ಹಾಗಂತ ಕೂಟಕ್ಕೆ ಓಡುವವರನ್ನು ಬೈದು ಪ್ರಯೋಜನವಿಲ್ಲ. ಹೋಗುವವರು ಯಾರು? ಕಾಯಿಲೆಯವರು, ಬಡ್ಡಿಗೆ ಸಿಕ್ಕಿಬಿದ್ದವರು. ಅವರ ಕಷ್ಟ ಕೇಳಲು ಸ್ವಂತ ಇಗರ್ಜಿಯಲ್ಲಿ ಪುರುಸೊತ್ತಿದೆಯೇ? ಅಲ್ಲಿ ಹಾಲ್ ಕಟ್ಟುವ ಗಡಿಬಿಡಿ, ಕಮಿಟಿ ಎಲೆಕ್ಷನ್ನಿನ ಗುಸುಗುಸು. ಪೋಸ್ಟರಿನವರು ಶಿಲುಬೆಯನ್ನು ಮೂಲೆಗೆ ತಳ್ಳಿದರೆ, ಇವರು ಅದನ್ನು ಗೋಪುರದ ತುದಿಗೇರಿಸಿ ಕೈತೊಳೆದುಕೊಂಡಿದ್ದಾರೆ.

ಶುಭ ಶುಕ್ರವಾರ ಕಥೋಲಿಕ ಇಗರ್ಜಿಗೊಮ್ಮೆ ಹೋಗಿ ನೋಡಬೇಕು. ಗಂಟೆಯಿಲ್ಲ, ಪೂಜೆಯ ಅಬ್ಬರವಿಲ್ಲ. ಜನ ಸಾಲಾಗಿ ಬಂದು ಶಿಲುಬೆಗೆ ಮುತ್ತಿಡುತ್ತಾರೆ. ಬಂಗಾರದಂಗಡಿ ಧಣಿಯ ಹಿಂದೆ ಮೀನು ಮಾರುವ ಬಾಯಿ ನಿಂತರೂ ಯಾರೂ ಏನೂ ಕೇಳುವುದಿಲ್ಲ. ಆ ಸಾಲಿನಲ್ಲಿ ವೀಸಾ ಕೊಡುವವರಿಲ್ಲ.