ಹುಳು ಔಷಧಿಗೆ ಒಗ್ಗಿತೇ?

ಮೇಲುಕೋಟೆಯ ಯೋಗಾನರಸಿಂಹ ಬೆಟ್ಟದ ಮೆಟ್ಟಿಲು ಹತ್ತುವವರಿಗೆ ಕೋತಿಗಳ ಕಾಟ ಹೊಸದಲ್ಲ. ಕೈಯಲ್ಲಿದ್ದ ಬಾಳೆಹಣ್ಣು ಕಣ್ಣು ಮಿಟುಕಿಸುವಷ್ಟರಲ್ಲಿ ಮಾಯ! ಶಾಲಾ ಪ್ರವಾಸಕ್ಕೆ ಬಂದ ಮಕ್ಕಳಲ್ಲಿ ಒಬ್ಬರಾದರೂ ಇಲ್ಲಿ ಮೇಷ್ಟ್ರನ್ನು ಕೇಳುವ ಪ್ರಶ್ನೆಯೊಂದಿದೆ: 'ಸಾರ್, ಕೋತಿಯಿಂದ ಮನುಷ್ಯ ಆದ ಅಂತಾರಲ್ಲ, ಮತ್ತೆ ಇವು ಯಾಕೆ ಇನ್ನೂ ಕೋತಿಗಳಾಗೇ ಇವೆ?'

ನಕ್ಕು ಮುಂದೆ ಹೋಗುವಂಥ ಪ್ರಶ್ನೆಯಲ್ಲ ಇದು. ಇದನ್ನು ಕೇಳುವ ಮಗುವೇ ಪರೀಕ್ಷೆಯಲ್ಲಿ 'ನಿಸರ್ಗದ ಆಯ್ಕೆ ಎಂದರೇನು?' ಎಂಬುದಕ್ಕೆ ಪೂರ್ತಿ ಅಂಕ ಪಡೆದಿರಲೂಬಹುದು. ವ್ಯಾಖ್ಯೆ ಬಾಯಿಪಾಠವಾಗಿದೆ, ಡಾರ್ವಿನ್ನನ ಪುಸ್ತಕ 1859ರಲ್ಲಿ ಹೊರಬಂದದ್ದೂ ನೆನಪಿದೆ. ವಿಷಯ ಮಾತ್ರ ತಲೆಗೆ ಇಳಿದಿಲ್ಲ. ಅದು ಇಳಿದಿದೆಯೋ ಇಲ್ಲವೋ ಎಂದು ತಿಳಿಯುವುದಾದರೂ ಹೇಗೆ?

ಅಮೆರಿಕದಲ್ಲಿ ಆಂಡರ್ಸನ್, ಫಿಶರ್ ಮತ್ತು ನಾರ್ಮನ್ ಎಂಬ ಮೂವರು 2002ರಲ್ಲಿ ಇದಕ್ಕೆಂದೇ 20 ಪ್ರಶ್ನೆಗಳ ಒಂದು ಪರೀಕ್ಷೆಯನ್ನು ಪ್ರಕಟಿಸಿದರು. ಗಲಾಪಗೋಸ್ ದ್ವೀಪಗಳ ಫಿಂಚ್ ಹಕ್ಕಿ, ವೆನಿಜುವೆಲಾದ ಗಪ್ಪಿ ಮೀನು, ಕೆನರಿ ದ್ವೀಪಗಳ ಹಲ್ಲಿ: ಈ ಮೂರರ ಸುತ್ತಲೇ ಎಲ್ಲ ಪ್ರಶ್ನೆಗಳು. ಅದರ ಜಾಣತನ ಇರುವುದು ಸರಿಯುತ್ತರಗಳಲ್ಲಲ್ಲ, ತಪ್ಪು ಉತ್ತರಗಳಲ್ಲಿ. ವಿದ್ಯಾರ್ಥಿಗಳ ತಲೆಯಲ್ಲಿ ನಿಜವಾಗಿಯೂ ಇರುವ ತಪ್ಪು ಕಲ್ಪನೆಗಳನ್ನೇ ಆಯ್ದು ಅಲ್ಲಿ ಇಟ್ಟಿದ್ದಾರೆ. ಮಗು ಯಾವ ತಪ್ಪನ್ನು ಆರಿಸಿತು ಎಂಬುದರಿಂದಲೇ ಅದು ಎಲ್ಲಿ ಎಡವಿದೆ ಎಂದು ತಿಳಿಯುತ್ತದೆ.

ಮಂಡ್ಯ ಸೀಮೆಯ ಮಕ್ಕಳಿಗೆ ಗಲಾಪಗೋಸ್ ಬೇಕಾಗಿಲ್ಲ, ಮನೆ ಮುಂದೆ ಭತ್ತದ ಗದ್ದೆ ಇದೆ. ಭತ್ತದ ಬುಡಕ್ಕೆ ಕಂದು ಜಿಗಿಹುಳು ಬೀಳುತ್ತದೆ, ಔಷಧಿ ಹೊಡೆಯುತ್ತಾರೆ. ಕೆಲವು ವರ್ಷ ಕಳೆದ ಮೇಲೆ ಅದೇ ಔಷಧಿ ನಾಟುವುದಿಲ್ಲ. ಏಷ್ಯಾದ ಭತ್ತ ಬೆಳೆಯುವ ಹಲವು ದೇಶಗಳಲ್ಲಿ ಇಮಿಡಾಕ್ಲೋಪ್ರಿಡ್ ಎಂಬ ಕೀಟನಾಶಕದ ಕಥೆ ಹೀಗೇ ಆಯಿತು. ಏಕೆ ಎಂದು ಕೇಳಿದರೆ ತಂದೆಯೂ ಮಗನೂ ಒಂದೇ ಮಾತು ಹೇಳುತ್ತಾರೆ: 'ಹುಳ ಔಷಧಿಗೆ ಒಗ್ಗೋಗಿದೆ.'

ಈ 'ಒಗ್ಗು' ಎಂಬ ಪದವೇ ಎಡವಟ್ಟಿನ ಮೂಲ. ಹೊಸ ಊರಿನ ನೀರಿಗೆ ಮೈ ಒಗ್ಗುತ್ತದೆ, ಖಾರಕ್ಕೆ ನಾಲಗೆ ಒಗ್ಗುತ್ತದೆ. ಅಲ್ಲಿ ಬದಲಾಗುವುದು ಒಬ್ಬನೇ ವ್ಯಕ್ತಿ, ಒಂದೇ ಜೀವ. ಗದ್ದೆಯಲ್ಲಿ ನಡೆದದ್ದು ಅದಲ್ಲ. ಸುಮ್ಮನೆ ಲೆಕ್ಕಕ್ಕೆ 1,000 ಹುಳುಗಳಿವೆ ಎನ್ನಿ. ಅವುಗಳಲ್ಲಿ 5ಕ್ಕೆ, ಔಷಧಿ ಬೀಳುವ ಮೊದಲೇ, ವಿಷವನ್ನು ತಾಳುವ ಗುಣ ಹುಟ್ಟಿನಿಂದ ಬಂದಿದೆ. ಸಿಂಪಡಿಸಿದಾಗ ಉಳಿದ 995ರಲ್ಲಿ 900 ಸತ್ತವು. ಬದುಕಿದ್ದು 95 ಮತ್ತು ಆ 5, ಒಟ್ಟು 100. ಮೊದಲು ಸಾವಿರಕ್ಕೆ ಐದಿದ್ದ ಗಟ್ಟಿ ಹುಳು ಈಗ ನೂರಕ್ಕೆ ಐದು! ಈ ನೂರರ ಸಂತತಿ ಮತ್ತೆ 1,000 ಆದಾಗ ಗಟ್ಟಿಯವು 50. ಮತ್ತೆ ಅದೇ ಔಷಧಿ ಹೊಡೆದು, ಉಳಿದ 950ರಲ್ಲಿ ಹತ್ತಕ್ಕೆ ಒಂಬತ್ತು ಸತ್ತರೆ ಮಿಕ್ಕುವುದು 95. ಈಗ ಬದುಕಿರುವ 145ರಲ್ಲಿ 50 ಗಟ್ಟಿಯವು, ಅಂದರೆ ಮೂರರಲ್ಲಿ ಒಂದಕ್ಕಿಂತ ಹೆಚ್ಚು. ಇಷ್ಟೆಲ್ಲ ಆದರೂ ಒಂದೇ ಒಂದು ಹುಳುವೂ ಬದಲಾಗಲಿಲ್ಲ. ಬದಲಾದದ್ದು ಗುಂಪಿನ ಲೆಕ್ಕ.

ಹಾಗೆಂದು 'ಒಗ್ಗಿಕೊಂಡವು' ಎಂದು ಬರೆದ ಮಗುವಿನ ಉತ್ತರಕ್ಕೆ ಕೆಂಪು ಗೀಟು ಎಳೆದುಬಿಡಬೇಕಿಲ್ಲ. ಇನ್ನೊಂದು ಪ್ರಶ್ನೆ ಕೇಳಿದರೆ ಸಾಕು: 'ಒಗ್ಗಿದ್ದು ಯಾವ ಹುಳು, ಸತ್ತದ್ದೋ, ಉಳಿದದ್ದೋ, ಆಮೇಲೆ ಹುಟ್ಟಿದ್ದೋ?' ವ್ಯಾಖ್ಯೆಯನ್ನಷ್ಟೇ ಉರು ಹೊಡೆದವನು ಇಲ್ಲಿ ತಡವರಿಸುತ್ತಾನೆ. ಅರ್ಥವಾದವಳು ಪದವನ್ನು ತಾನೇ ತಿದ್ದಿಕೊಳ್ಳುತ್ತಾಳೆ. ಮನೆಯಲ್ಲಿ ತಾಯಂದಿರು ಕೇಳಬಹುದಾದದ್ದೂ ಒಂದಿದೆ. ಅಜ್ಜಿ, ಮುತ್ತಜ್ಜಿ ಎಲ್ಲರೂ ಕಿವಿ ಚುಚ್ಚಿಸಿಕೊಂಡವರೇ. ಆದರೂ ಹುಟ್ಟುವ ಹೆಣ್ಣುಮಗುವಿನ ಕಿವಿಯಲ್ಲಿ ತೂತೇಕಿಲ್ಲ? ಬದುಕಿರುವಾಗ ಮೈಗೆ ಆದದ್ದು ಮಕ್ಕಳಿಗೆ ಇಳಿಯುವುದಿಲ್ಲ ಎಂಬುದು ಇದರಿಂದ ಹೊಳೆದರೆ ಅರ್ಧ ಪಾಠ ಮುಗಿದಂತೆ.

ಇನ್ನು ಜೀವಿಗಳ ನಂಟಸ್ತಿಕೆ. ಮೇಲುಕೋಟೆಯ ಸುತ್ತಲಿನ ಸುಮಾರು 50 ಚದರ ಕಿಲೋಮೀಟರ್ ಕುರುಚಲು ಕಾಡನ್ನು ತೋಳಗಳ ರಕ್ಷಣೆಗೆಂದು 1974ರಲ್ಲಿ ವನ್ಯಧಾಮ ಮಾಡಲಾಯಿತು. ತೋಳ ಮತ್ತು ನಾಯಿ ಹತ್ತಿರದ ನೆಂಟರು ಎಂದು ಯಾವ ಮಗುವಾದರೂ ಹೇಳೀತು. ಕತ್ತೆಕಿರುಬ ಯಾರ ಕಡೆಯವನು ಎಂದು ಕೇಳಿ ನೋಡಿ. ಮೂತಿ, ಕಾಲು, ನಡಿಗೆ ನೋಡಿ ಹೆಚ್ಚಿನವರು ನಾಯಿಯ ಕಡೆ ಎನ್ನುತ್ತಾರೆ. ವಾಸ್ತವದಲ್ಲಿ ಅದು ಬೆಕ್ಕು, ಮುಂಗುಸಿ, ಪುನುಗುಗಳ ಕಡೆಯದು! ಹಾಗಿದ್ದೂ ನಾಯಿಯಂತೆ ಕಾಣುವುದೇಕೆ? ಬಯಲಿನಲ್ಲಿ ದೂರ ದೂರ ಅಲೆದು, ಸತ್ತ ಪ್ರಾಣಿಯ ಮೂಳೆ ಕಡಿದು ಬದುಕುವ ಜೀವಕ್ಕೆ ಯಾವ ಮೈಕಟ್ಟು ಅನುಕೂಲವೋ ಅದನ್ನು ತಲೆಮಾರು ತಲೆಮಾರಾಗಿ ನಿಸರ್ಗ ಉಳಿಸಿತು. ಚಹರೆ ಬದುಕಿನ ರೀತಿಯಿಂದ ಬರಬಹುದು, ನೆಂಟಸ್ತಿಕೆ ಬರುವುದು ಪೂರ್ವಜರಿಂದ. ಆಯ್ಕೆ ಮತ್ತು ಸಂಬಂಧ ಎರಡನ್ನೂ ಒಟ್ಟಿಗೆ ಪರೀಕ್ಷಿಸಲು ಇದಕ್ಕಿಂತ ಒಳ್ಳೆಯ ಪ್ರಶ್ನೆ ಸಿಗುವುದು ಕಷ್ಟ.

ಬೆಟ್ಟದ ಕೋತಿಗೆ ಬರೋಣ. ಮಗುವಿನ ಮನಸ್ಸಿನಲ್ಲಿರುವುದು ಏಣಿ: ಕೆಳಗೆ ಕೋತಿ, ತುದಿಯಲ್ಲಿ ಮನುಷ್ಯ. ಇರಬೇಕಾದದ್ದು ಕವಲೊಡೆದ ಮರ. ಸೋದರತ್ತೆಯ ಮಗ ನಮ್ಮ ಅಜ್ಜನೇ? ಅಲ್ಲ, ಇಬ್ಬರಿಗೂ ಅಜ್ಜ ಒಬ್ಬನೇ. ಕೋತಿ ಮತ್ತು ಮನುಷ್ಯರ ಕವಲುಗಳು ಬೇರೆಯಾಗಿ ಸುಮಾರು ಎರಡೂವರೆಯಿಂದ ಮೂರು ಕೋಟಿ ವರ್ಷಗಳಾದವು. ಅಷ್ಟೇ ಕಾಲ ಅದೂ ವಿಕಾಸವಾಗಿದೆ, ನಾವೂ ಆಗಿದ್ದೇವೆ. ಅದು 'ಇನ್ನೂ' ಏನೋ ಆಗಬೇಕಾಗಿ ಕಾಯುತ್ತಿಲ್ಲ.

ಇದೆಲ್ಲ ಈಗ ಏಕೆ ಎಂದರೆ, ಎನ್‌ಸಿಇಆರ್‌ಟಿಯ ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದಲ್ಲಿದ್ದ 'ಅನುವಂಶೀಯತೆ ಮತ್ತು ಜೀವವಿಕಾಸ' ಎಂಬ ಅಧ್ಯಾಯ 2023ರ ಮುದ್ರಣದಲ್ಲಿ 'ಅನುವಂಶೀಯತೆ' ಎಂದಷ್ಟೇ ಉಳಿಯಿತು. 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಸಹಿ ಹಾಕಿ ಆಕ್ಷೇಪಿಸಿದರು. ಹನ್ನೆರಡನೆಯ ತರಗತಿಯ ಜೀವವಿಜ್ಞಾನದಲ್ಲಿ ಪಾಠ ಇದೆ, ನಿಜ. ಆದರೆ ಹತ್ತರ ನಂತರ ವಾಣಿಜ್ಯ, ಕಲೆ, ಐಟಿಐ ಹಿಡಿಯುವ ಮಕ್ಕಳ ಗತಿ? ಅವರಲ್ಲೇ ಅನೇಕರು ನಾಳೆ ಗದ್ದೆಗೆ ಔಷಧಿ ಹೊಡೆಯುವವರು.

ತರಗತಿಯಲ್ಲಿ ಹೇಳದಿದ್ದರೆ ಬೆಟ್ಟದ ತಪ್ಪಲಲ್ಲಾದರೂ ಕೇಳಬಹುದು. ಮೇಲುಕೋಟೆಯ ಕಾಡಿನಲ್ಲಿ ಸೈಕಸ್ ಎಂಬ ಗಿಡವಿದೆ. ದೂರದಿಂದ ಗಿಡ್ಡ ತೆಂಗಿನ ಮರದಂತೆಯೇ ಕಾಣುತ್ತದೆ, ಆದರೆ ಹೂ ಬಿಡುವುದಿಲ್ಲ, ಬೀಜಗಳು ಹಣ್ಣಿನೊಳಗೆ ಮುಚ್ಚಿಕೊಂಡಿರುವುದಿಲ್ಲ. ಸೈಕಸ್, ತೆಂಗು, ಪೈನ್ ಈ ಮೂರರಲ್ಲಿ ಹತ್ತಿರದ ನೆಂಟರು ಯಾವ ಎರಡು? ಮಕ್ಕಳು ಮೊದಲು ಮರದ ಚಿತ್ರ ಬರೆಯಲಿ. ಉತ್ತರ: ಸೈಕಸ್ ಮತ್ತು ಪೈನ್.