ಓಡಿಸುವವರೇ ಆರಿಸಲಿ

ಕಾರು ಕೊಳ್ಳುವ ಮಾತು ಬಂತೆಂದರೆ ನಮ್ಮ ಮನೆಗಳಲ್ಲಿ ಮೂರು ಪ್ರಶ್ನೆಗಳು ಕೇಳಿ ಬರುತ್ತವೆ. ಬೆಲೆ ಎಷ್ಟು? ಲೀಟರಿಗೆ ಎಷ್ಟು ಓಡುತ್ತದೆ? ಎಷ್ಟು ಜನ ಕೂರಬಹುದು? ಈ ಮೂರಕ್ಕೆ ಉತ್ತರ ಸಿಕ್ಕಿದ ಮೇಲೆ ಬಣ್ಣ ಯಾವುದಿರಲಿ ಎಂದು ಮನೆಯ ಹೆಂಗಸರನ್ನು ಕೇಳುತ್ತಾರೆ. ಅಲ್ಲಿಗೆ ಸಮಾಲೋಚನೆ ಮುಗಿಯಿತು! ಯಾರೂ ಕೇಳದ ನಾಲ್ಕನೆಯ ಪ್ರಶ್ನೆಯೊಂದಿದೆ: ಈ ಗಾಡಿ ಓಡಿಸಲು ಖುಷಿಯಾಗುತ್ತದೆಯೇ?

ಖುಷಿಯೆಲ್ಲ ಹುಡುಗರ ಶೋಕಿ, ಸಂಸಾರಸ್ಥರಿಗೆ ಅದೇಕೆ ಎಂದು ಹಿರಿಯರು ತಳ್ಳಿ ಹಾಕುವುದುಂಟು. ನನಗೆ ಹಾಗೆನಿಸುವುದಿಲ್ಲ. ತಿಲಕ್‌ನಗರ, ಗುರಪ್ಪನಪಾಳ್ಯ, ಇಲಿಯಾಸ್ ನಗರ, ಯಾರಬ್ ನಗರಗಳ ಕಡೆ ಸ್ವಲ್ಪ ವಿಚಾರಿಸಿ ನೋಡಿ. ಪರ್ಸಿನಲ್ಲಿ ಕಾರಿನ ಲೈಸೆನ್ಸ್ ಇದ್ದೂ ವರ್ಷಗಳಿಂದ ಸ್ಟಿಯರಿಂಗ್ ಮುಟ್ಟದ ಸಹೋದರಿಯರು ಎಷ್ಟು ಜನ ಸಿಗುತ್ತಾರೆ! ಇದೇ ಸಹೋದರಿಯರು ಸ್ಕೂಟರಿನಲ್ಲಿ ಎರಡು ಮಕ್ಕಳು, ಎರಡು ಬ್ಯಾಗು, ಒಂದು ತರಕಾರಿ ಚೀಲ ಹೇರಿಕೊಂಡು ಜಯನಗರ ನಾಲ್ಕನೇ ಬ್ಲಾಕಿನ ಸಂದಣಿಯಲ್ಲಿ ಸಲೀಸಾಗಿ ಹೋಗಿ ಬರುತ್ತಾರೆ. ಅವರಿಗೆ ಧೈರ್ಯವಿಲ್ಲ ಎನ್ನಲಾದೀತೇ? ಕಾರೇಕೆ ಓಡಿಸುವುದಿಲ್ಲ ಎಂದು ಕೇಳಿದರೆ ಬರುವ ಉತ್ತರ ಹೆಚ್ಚುಕಡಿಮೆ ಒಂದೇ. "ದೊಡ್ಡದು ಮೇಡಂ, ಮುಂದೆ ಎಲ್ಲಿ ಮುಗಿಯುತ್ತದೆ ಅಂತ ಗೊತ್ತಾಗುವುದಿಲ್ಲ. ಕ್ಲಚ್ಚು ಒತ್ತಿ ಒತ್ತಿ ಕಾಲು ನೋಯುತ್ತದೆ."

ಆ ಕಾರು ಮನೆಯ ಯಜಮಾನರ ಅಳತೆಗೆ ಬಂದದ್ದು, ಮದುವೆ ಮನೆಯ ಮುಂದೆ ನಿಲ್ಲಿಸಿದರೆ ಚೆನ್ನಾಗಿ ಕಾಣಲಿ ಎಂದು ಬಂದದ್ದು. ಓಡಿಸಲು ಹಿತವಾದ ಕಾರು ಮನೆಯಿಂದ ಹೊರಡುತ್ತದೆ, ಹಿತವಿಲ್ಲದ್ದು ಗಲ್ಲಿಯಲ್ಲಿ ಕವರು ಹೊದ್ದು ಮಲಗುತ್ತದೆ. ಲಕ್ಷಗಟ್ಟಲೆ ಕೊಟ್ಟು ತಂದದ್ದನ್ನು ವಾರದಲ್ಲಿ ಆರು ದಿನ ಮಲಗಿಸುವುದು ದುಂದುವೆಚ್ಚವಲ್ಲದೆ ಮತ್ತೇನು? ಹಾಗಾಗಿ ಖುಷಿಯ ಪ್ರಶ್ನೆ ಉಳಿತಾಯದ ಪ್ರಶ್ನೆಯೂ ಹೌದು.

ಖುಷಿ ಎಂದರೆ ವೇಗ ಎಂದು ತಿಳಿಯಬೇಡಿ. ಬನ್ನೇರುಘಟ್ಟ ರಸ್ತೆಯಲ್ಲಿ ಸಂಜೆ ಆರು ಗಂಟೆಗೆ ಯಾವ ಕಾರೂ ವೇಗವಾಗಿ ಹೋಗಲಾರದು, ಹದಿನೈದು ಲಕ್ಷದ್ದೂ ಅಷ್ಟೇ, ಐದು ಲಕ್ಷದ್ದೂ ಅಷ್ಟೇ. ನಮ್ಮ ಊರಿನ ಖುಷಿ ಬೇರೆ. ಕೈ ತಿರುಗಿಸಿದ ಕಡೆಗೆ ಗಾಡಿ ಮರುಮಾತಿಲ್ಲದೆ ತಿರುಗಬೇಕು. ಗೇರು ಬೆರಳಿನಲ್ಲಿ ಬೀಳಬೇಕು. ಪೆಡಲ್ ಸ್ವಲ್ಪ ಒತ್ತಿದರೆ ಸ್ವಲ್ಪ ಮುಂದೆ ಬರಬೇಕು, ಎಗರಬಾರದು. ಇದರಲ್ಲಿ ಬಹುಪಾಲು ಗಾಡಿಯ ತೂಕಕ್ಕೆ ಸೇರಿದ್ದು. ಒಂದೇ ಶಕ್ತಿಯ ಎಂಜಿನನ್ನು ಹಗುರವಾದ ಮೈಗೂ ಭಾರವಾದ ಮೈಗೂ ಜೋಡಿಸಿ, ಹಗುರವಾದದ್ದು ಚುರುಕಾಗಿ ಹೊರಡುತ್ತದೆ, ಬೇಗ ನಿಲ್ಲುತ್ತದೆ, ತಿರುವಿನಲ್ಲಿ ವಾಲುವುದೂ ಕಡಿಮೆ.

1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800 ಇದಕ್ಕೆ ಒಳ್ಳೆಯ ನಿದರ್ಶನ. ಎಂಜಿನ್ 796 ಸಿಸಿ, ಶಕ್ತಿ ನಲವತ್ತು ಕುದುರೆಗೂ ಕಡಿಮೆ. ತೂಕ ಸುಮಾರು 650 ಕೆ.ಜಿ. ಮಾತ್ರ. ಅದನ್ನು ಓಡಿಸಿ ಕಲಿತವರು ಇಂದಿಗೂ ಅದರ ಹೆಸರನ್ನು ಪ್ರೀತಿಯಿಂದ ಹೇಳುತ್ತಾರೆ. 1993ರಲ್ಲಿ ಬಂದ ಝೆನ್ ಅದಕ್ಕಿಂತ ಒಂದು ಹೆಜ್ಜೆ ಮುಂದೆ. 993 ಸಿಸಿ ಎಂಜಿನ್ನಿನ ಪುಟ್ಟ ಗಾಡಿ, ನೆಲಕ್ಕೆ ಅಂಟಿಕೊಂಡಂತೆ ತಿರುಗುತ್ತಿತ್ತು. 800ರ ತಯಾರಿಕೆ 2014ರಲ್ಲಿ ನಿಂತಿತು, ಝೆನ್ ಅದಕ್ಕೂ ಮೊದಲೇ ನಿಂತಿತ್ತು. ಆ ಕಾಲದ ಗಾಡಿಗಳಲ್ಲಿ ಅಪಘಾತದಿಂದ ರಕ್ಷಣೆ ಬಹಳ ಕಡಿಮೆ ಎಂಬುದನ್ನೂ ಹೇಳಬೇಕು. ನೆನಪು ಸಿಹಿಯೆಂದು ಮಕ್ಕಳನ್ನು ಅದರಲ್ಲಿ ಕೂರಿಸಲಾಗದು.

ನಮ್ಮದೇ ಊರಿನ ರೇವಾವನ್ನೂ ಮರೆಯಬಾರದು. ಬೆಂಗಳೂರಿನಲ್ಲಿ ಚೇತನ್ ಮೈನಿಯವರ ಕಂಪೆನಿ 2001ರಲ್ಲಿ ರಸ್ತೆಗಿಳಿಸಿದ ಎರಡು ಬಾಗಿಲಿನ ವಿದ್ಯುತ್ ಕಾರು ಅದು. ಈಗ ಹಳದಿ ಮೆಟ್ರೋ ಹೋಗಿ ಮುಟ್ಟುವ ಬೊಮ್ಮಸಂದ್ರದಲ್ಲೇ ತಯಾರಾಗುತ್ತಿತ್ತು. ಕ್ಲಚ್ಚಿಲ್ಲ, ಗೇರು ಬದಲಿಸುವ ಗೋಜಿಲ್ಲ, ಆಟೋ ತಿರುಗುವಷ್ಟು ಜಾಗದಲ್ಲಿ ತಿರುಗುತ್ತಿತ್ತು. ಲಂಡನ್ನಿನಲ್ಲಿ ಜಿ-ವಿಜ್ ಎಂಬ ಹೆಸರಿನಲ್ಲಿ ಓಡಿತು. ಒಂದು ಚಾರ್ಜಿಗೆ ಎಂಬತ್ತು ಕಿಲೋಮೀಟರು ಎಂಬ ಮಿತಿ, ಹಿಂದಿನ ಸೀಟಿನಲ್ಲಿ ಮಕ್ಕಳಿಗಷ್ಟೇ ಜಾಗ. ಮನೆಮಂದಿಯ ಕಾರಾಗಿ ಅದು ಗೆಲ್ಲಲಿಲ್ಲ. ಆದರೆ ಪೇಟೆಯ ಓಡಾಟಕ್ಕೆ ಏನು ಸಾಕು ಎಂಬುದನ್ನು ಚೆನ್ನಾಗಿ ತೋರಿಸಿಕೊಟ್ಟಿತು. ಈಗ ವಿದ್ಯುತ್ ಕಾರುಗಳು ಬಹಳ ಸುಧಾರಿಸಿವೆ. ಹೊರಡುವಾಗಿನ ಚುರುಕುತನದಲ್ಲಿ ಪೆಟ್ರೋಲ್ ಗಾಡಿಗಳನ್ನು ಹಿಂದೆ ಹಾಕುತ್ತವೆ. ಆದರೆ ಗಾಡಿಯನ್ನು ಬೀದಿಯಲ್ಲೇ ನಿಲ್ಲಿಸುವ ನಮ್ಮ ಮೊಹಲ್ಲಾಗಳಲ್ಲಿ ಮೂರನೇ ಮಹಡಿಯಿಂದ ಚಾರ್ಜಿನ ವೈರು ಇಳಿಬಿಡುವುದಾದರೂ ಹೇಗೆ? ಸ್ವಂತ ಪಾರ್ಕಿಂಗ್ ಇದ್ದವರು ಖಂಡಿತ ಯೋಚಿಸಲಿ.

ಹೊಸ ಕಾರಿನ ಮಾತಿಗೆ ಬರೋಣ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿ.ಎಸ್.ಟಿ. ಶೇ. 18ಕ್ಕೆ ಇಳಿದದ್ದರಿಂದ ಸ್ವಿಫ್ಟ್, ಗ್ರಾಂಡ್ ಐ10 ನಿಯೋಸ್, ಟಿಯಾಗೋ ಮೂರೂ ಷೋರೂಂ ಬೆಲೆಯಲ್ಲಿ ಆರು ಲಕ್ಷದ ಒಳಗಿನಿಂದ ಶುರುವಾದವು. ಮೂರಕ್ಕೂ 1.2 ಲೀಟರಿನ ಎಂಜಿನ್, ಶಕ್ತಿಯೂ ಆಸುಪಾಸು. ಆದರೆ ಸ್ವಭಾವ ಮೂರಕ್ಕೆ ಮೂರು ಬಗೆ. 2005ರಲ್ಲಿ ಮೊದಲು ಬಂದ ಸ್ವಿಫ್ಟ್ ತಿರುವುಗಳಲ್ಲಿ ಮೋಜು ಕೊಡುವ ಗಾಡಿಯೆಂದೇ ಹೆಸರಾದದ್ದು, 2024ರಲ್ಲಿ ಬಂದ ಹೊಸ ಮಾದರಿಯೂ ಹಗುರವಾಗಿದೆ. ಅದರಲ್ಲಿ ಎಂಜಿನ್ನನ್ನು ನಾಲ್ಕು ಸಿಲಿಂಡರಿನಿಂದ ಮೂರಕ್ಕೆ ಇಳಿಸಿದ್ದರಿಂದ ಮೈಲೇಜು ಏರಿತು, ಮೊದಲಿನ ನಯ ಸ್ವಲ್ಪ ಹೋಯಿತು. ನಿಯೋಸ್ ನಾಲ್ಕು ಸಿಲಿಂಡರಿನದು, ಸದ್ದು ಕಡಿಮೆ, ಕ್ಲಚ್ ಹಗುರ. ಕಲಿಯುವವರಿಗೆ ಇದಕ್ಕಿಂತ ಸೌಮ್ಯವಾದದ್ದು ಕಷ್ಟ. ಟಿಯಾಗೋ ಗಟ್ಟಿಯಾದ ಗಾಡಿ, ಹೊಂಡಗಳನ್ನು ಚೆನ್ನಾಗಿ ನುಂಗುತ್ತದೆ, ಎಂಜಿನ್ನಿನ ಒರಟುತನ ಮಾತ್ರ ಕೇಳಿಸುತ್ತದೆ. ನನ್ನನ್ನು ಕೇಳಿದರೆ, ಓಡಿಸುವ ಮೋಜಿಗೆ ಸ್ವಿಫ್ಟ್, ದಿನನಿತ್ಯದ ಶಾಲೆ–ಮಾರುಕಟ್ಟೆಗೆ ನಿಯೋಸ್. ಇನ್ನೂ ಚಿಕ್ಕದು ಸಾಕೆನ್ನುವವರಿಗೆ ಆಲ್ಟೊ ಕೆ10 ಇದೆ. ತಿರುಗುವ ತ್ರಿಜ್ಯ ಕೇವಲ 4.5 ಮೀಟರ್, ಗಲ್ಲಿಯ ರಾಜ.

ಗೇರೇ ಬೇಡ ಎನ್ನುವವರಿಗೆ ಎ.ಎಂ.ಟಿ. ಬಂದಿದೆ. ನಮ್ಮ ದೇಶದಲ್ಲಿ 2014ರಲ್ಲಿ ಸೆಲೆರಿಯೋದಿಂದ ಶುರುವಾದ ಪದ್ಧತಿ. ಸಾಧಾರಣ ಗೇರುಪೆಟ್ಟಿಗೆಯೇ ಅದು. ಕ್ಲಚ್ ಒತ್ತುವ, ಗೇರು ಹಾಕುವ ಕೆಲಸವನ್ನು ಯಂತ್ರ ಮಾಡುತ್ತದೆ, ಅಷ್ಟೇ. ಗೇರು ಬದಲಾಗುವಾಗ ಒಮ್ಮೆ ತಲೆ ಮುಂದಕ್ಕೆ ತೂಗಿದಂತಾಗುತ್ತದೆ. ಗೇರು ಹಾಕುವುದರಲ್ಲೇ ಖುಷಿ ಪಡುವವರಿಗೆ ಇದು ರುಚಿಸದು. ಮೊಣಕಾಲು ನೋವಿರುವ ಅಮ್ಮಂದಿರಿಗೆ ಸಿಲ್ಕ್ ಬೋರ್ಡಿನ ಸಾಲಿನಲ್ಲಿ ಇದೊಂದು ದೊಡ್ಡ ಉಪಕಾರ.

ಟೆಸ್ಟ್ ಡ್ರೈವ್ ಎಂದರೆ ಷೋರೂಂನ ಹುಡುಗ ಪಕ್ಕದಲ್ಲಿ ಕೂತು ಅಗಲವಾದ ರಸ್ತೆಯಲ್ಲಿ ಒಂದು ಸುತ್ತು ಹಾಕಿಸಿ ಕರೆತರುವುದಲ್ಲ. ಗಾಡಿಯನ್ನು ಮನೆಗೆ ತರಿಸಿ. ಹೆಚ್ಚು ಓಡಿಸಲಿರುವವರು ಯಾರೋ ಅವರೇ ಚಾಲಕರ ಸೀಟಿನಲ್ಲಿ ಕೂರಲಿ. ಯಜಮಾನರು ಹಿಂದೆ ಕೂತು ಸುಮ್ಮನಿರಲಿ (ಇದೇ ಕಷ್ಟದ ಭಾಗ). ಮೊದಲು ನಿಮ್ಮದೇ ಗಲ್ಲಿಯಲ್ಲಿ ಹಿಮ್ಮುಖ ತಿರುಗಿಸಿ ನೋಡಿ. ಬಳಿಕ ಕುಮಾರಸ್ವಾಮಿ ಬಡಾವಣೆಯ ಯಾವುದಾದರೂ ಏರಿನಲ್ಲಿ ಅರ್ಧಕ್ಕೆ ನಿಲ್ಲಿಸಿ ಮತ್ತೆ ಹೊರಡಿಸಿ, ಹಿಂದಕ್ಕೆ ಜಾರುತ್ತದೆಯೇ? ಆಮೇಲೆ ರಾಗಿಗುಡ್ಡದಿಂದ ಸಿಲ್ಕ್ ಬೋರ್ಡಿನವರೆಗೆ 2024ರ ಜುಲೈನಲ್ಲಿ ತೆರೆದ ಎರಡಂತಸ್ತಿನ ಮೇಲ್ಸೇತುವೆಗೆ ಹೋಗಿ. ಮೂರೂಕಾಲು ಕಿಲೋಮೀಟರಿಗೂ ಮಿಕ್ಕ ಆ ದಾರಿಯಲ್ಲಿ ಏರುವಾಗ ಎಂಜಿನ್ ಏದುಸಿರು ಬಿಡುತ್ತದೆಯೇ ಎಂಬುದೂ ತಿಳಿಯುತ್ತದೆ, ಅರವತ್ತರ ವೇಗದಲ್ಲಿ ಸ್ಟಿಯರಿಂಗ್ ನಡುಗುತ್ತದೆಯೇ ಎಂಬುದೂ ತಿಳಿಯುತ್ತದೆ. ಕೆಳಗೆ ಇಳಿದರೆ ಸಾಲು ಕಾದೇ ಇರುತ್ತದೆ, ಕ್ಲಚ್ಚಿನ ಪರೀಕ್ಷೆ ತಾನಾಗಿ ಆಗುತ್ತದೆ.

ಬುರ್ಖಾ ಧರಿಸಿಯೇ ಓಡಿಸುವವರು ಅದನ್ನು ಧರಿಸಿಯೇ ಪರೀಕ್ಷಿಸಬೇಕು. ಉದ್ದದ ಅಂಚು ಪೆಡಲಿನ ಕೆಳಗೆ ಸಿಕ್ಕರೆ ಅಪಾಯ. ಮಡಿಸಿ ತೊಡೆಯ ಕೆಳಗೆ ಸೇರಿಸಿಕೊಳ್ಳಿ, ಹಿಮ್ಮಡಿಯ ಚಪ್ಪಲಿ ಬೇಡ, ತೆಳು ತಳದ ಬೂಟು ಇರಲಿ. ಸೀಟನ್ನು ಎತ್ತರಿಸುವ ಸೌಲಭ್ಯ ಕೆಳದರ್ಜೆಯ ಮಾದರಿಗಳಲ್ಲಿ ಇರದಿರಬಹುದು. ಗಿಡ್ಡನೆಯವರಿಗೆ ಸಂಗೀತದ ಪೆಟ್ಟಿಗೆಗಿಂತ ಇದೇ ಮುಖ್ಯ, ಬಾನೆಟ್ಟು ಕಾಣಿಸದೆ ಯಾವ ಖುಷಿಯೂ ಇಲ್ಲ. ನಿಖಾಬ್ ಹಾಕುವವರು ಕನ್ನಡಿಗಳು ದೊಡ್ಡದಾಗಿರುವ, ಮುಂದಿನ ಕಂಬಗಳು ತೆಳುವಾಗಿರುವ ಗಾಡಿ ನೋಡಲಿ, ಪಕ್ಕದ ನೋಟಕ್ಕೆ ಏನೂ ಅಡ್ಡ ಬರಬಾರದು. 2018ರ ಜೂನ್ 24ರಂದು ಸೌದಿಯಲ್ಲಿ ಹೆಂಗಸರು ಕಾರು ಓಡಿಸತೊಡಗಿದ ಮೇಲೆ ಅಬಾಯ ಧರಿಸಿ ಕಾರು ಓಡಿಸುವುದು ಯಾರಿಗೂ ಬೆರಗಿನ ಸಂಗತಿಯಾಗಿ ಉಳಿದಿಲ್ಲ.

ಇನ್ನು ಹಣದ ವಿಷಯ. ಷೋರೂಂ ಬೆಲೆಯೇ ಕೊನೆಯಲ್ಲ. ನಮ್ಮ ರಾಜ್ಯದಲ್ಲಿ ಐದರಿಂದ ಹತ್ತು ಲಕ್ಷದ ಪೆಟ್ರೋಲ್ ಕಾರಿಗೆ ಆಜೀವ ತೆರಿಗೆ ಶೇ. 14, ಅದರ ಮೇಲೆ ಸೆಸ್ಸು. ಆರೂವರೆ ಲಕ್ಷದ ಗಾಡಿಗೆ ತೆರಿಗೆಯೇ ತೊಂಬತ್ತು ಸಾವಿರ ದಾಟುತ್ತದೆ, ವಿಮೆ ಬೇರೆ. ಬಡ್ಡಿಯ ಸಾಲ ಬೇಡವೆನ್ನುವ ಮನೆಗಳಿಗೆ ಇಷ್ಟು ಮೊತ್ತ ಒಮ್ಮೆಗೇ ಕೂಡಿಸುವುದು ಸುಲಭದ ಮಾತಲ್ಲ. ಅಂಥವರು ಹಳೆಯ ಕಾರಿನತ್ತ ಧೈರ್ಯವಾಗಿ ನೋಡಬಹುದು, ಖುಷಿಯ ದೃಷ್ಟಿಯಿಂದ ಅಲ್ಲೇ ಹೆಚ್ಚು ಸಿಗುತ್ತದೆ. 2010ರಲ್ಲಿ ಬಂದು 2022ರಲ್ಲಿ ನಿಂತ ಪೋಲೋ, ಅದೇ ವರ್ಷ ಬಂದ ಫೋರ್ಡ್ ಫಿಗೋ, ಓಡಿಸಿದವರು ಬಿಟ್ಟುಕೊಡಲು ಒಲ್ಲೆ ಎನ್ನುವ ಗಾಡಿಗಳು. ಆದರೆ ಫೋರ್ಡ್ 2021ರಲ್ಲಿ ಇಲ್ಲಿನ ತಯಾರಿಕೆ ನಿಲ್ಲಿಸುವ ನಿರ್ಧಾರ ಪ್ರಕಟಿಸಿತು. ಪೋಲೋದ ರಿಪೇರಿ ಖರ್ಚು ಮಾರುತಿಯಂತಲ್ಲ. ಹಾಗಾಗಿ ನಾಲ್ಕು ಸಿಲಿಂಡರಿನ ಹಳೆಯ ಸ್ವಿಫ್ಟ್ ನನಗೆ ಹೆಚ್ಚು ಬುದ್ಧಿವಂತಿಕೆಯ ಆಯ್ಕೆಯಾಗಿ ಕಾಣುತ್ತದೆ. ಬಿಡಿಭಾಗ ಯಾವ ಬೀದಿಯಲ್ಲೂ ಸಿಗುತ್ತದೆ, ಮೆಕ್ಯಾನಿಕ್ಕುಗಳಿಗೆ ಅದರ ನಾಡಿ ಗೊತ್ತು.

ಹಳೆಯದಾದರೆ ತಯಾರಾದ ವರ್ಷವನ್ನು ಗಮನಿಸಿ. ಎಲ್ಲ ಕಾರುಗಳಿಗೂ ಎ.ಬಿ.ಎಸ್. ಬ್ರೇಕು, ಚಾಲಕರ ಏರ್‌ಬ್ಯಾಗ್ ಕಡ್ಡಾಯವಾದದ್ದು 2019ರಲ್ಲಿ. ಅದಕ್ಕಿಂತ ಹಿಂದಿನ ಅಗ್ಗದ ಮಾದರಿಗಳಲ್ಲಿ ಎರಡೂ ಇಲ್ಲದಿರಬಹುದು. ಅಂಥದ್ದು ಎಷ್ಟೇ ಚೆನ್ನಾಗಿ ಓಡಲಿ, ಬಿಟ್ಟುಬಿಡಿ. ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗಲೇ ಹೋಗಿ ನೋಡಿ. ಮಾರುವವರು ಮೊದಲೇ ಬಿಸಿ ಮಾಡಿಟ್ಟಿದ್ದರೆ ಎಂಜಿನ್ನಿನ ಕೆಲವು ಕಾಯಿಲೆಗಳು ಅಡಗಿಬಿಡುತ್ತವೆ. ಸಮತಟ್ಟಾದ ರಸ್ತೆಯಲ್ಲಿ ನಿಧಾನವಾಗಿ ಹೋಗುತ್ತಾ ಒಂದು ಕ್ಷಣ ಸ್ಟಿಯರಿಂಗ್ ಹಿಡಿತ ಸಡಿಲಿಸಿ, ಒಂದು ಪಕ್ಕಕ್ಕೆ ಎಳೆದರೆ ಟೈರೋ ಚೌಕಟ್ಟೋ ನೆಟ್ಟಗಿಲ್ಲ ಎಂದರ್ಥ. ನಿಮಗೆ ಪರಿಚಯದ ಮೆಕ್ಯಾನಿಕ್ಕಿಗೆ ನಾಲ್ಕು ಕಾಸು ಕೊಟ್ಟು ತೋರಿಸಿ. ಹಣ ಕೊಡುವ ಮೊದಲು ಹಳೆಯ ಸಾಲ ತೀರಿದೆಯೇ ಎಂದು ಆರ್.ಸಿ.ಯಲ್ಲಿ ನೋಡಿ, ಮಾರುವವರಿಂದ 29 ಮತ್ತು 30ನೇ ನಮೂನೆಗಳಿಗೆ ಸಹಿ ಹಾಕಿಸಿಕೊಳ್ಳಿ. ಹೆಸರು ಬದಲಾವಣೆಯ ಅರ್ಜಿಯಲ್ಲಿ ಯಾರ ಹೆಸರು ಬರೆಯಬೇಕು ಎಂಬ ಮಾತು ಬಂದಾಗ, ಓಡಿಸುವವರ ಹೆಸರನ್ನೇ ಬರೆಸಿ.