ಕಾರ್ಡಿನಾಟ: ಲಾಭವೆಷ್ಟು, ನಷ್ಟವೆಷ್ಟು?

ಇಸ್ಪೀಟು ಎಂದೊಡನೆ ನಮ್ಮ ಹಳ್ಳಿಯ ಹಿರಿಯರು ಮುಖ ಸಿಂಡರಿಸುತ್ತಾರೆ. ಅದು ಮನೆ ಮುಳುಗಿಸುವ ಆಟವೆಂಬುದು ಅವರ ಅನುಭವದ ಮಾತು. ಆದರೆ ನಾನಿಲ್ಲಿ ಹೇಳಹೊರಟಿರುವುದು ಇಸ್ಪೀಟಿನ ಮಾತಲ್ಲ; ಕಾರ್ಡುಗಳನ್ನು ಕೊಂಡು, ಕೂಡಿಟ್ಟು, ಪರಸ್ಪರ ಬದಲಾಯಿಸಿಕೊಂಡು ಪಂದ್ಯವಾಡುವ ಬೇರೊಂದು ಬಗೆಯ ಆಟದ ಮಾತು.

ಈ ಬಗೆಯಲ್ಲಿ ಮೊದಲನೆಯದೆಂದು ಹೆಸರಾದ ‘ಮ್ಯಾಜಿಕ್: ದ ಗ್ಯಾದರಿಂಗ್’ 1993ರಲ್ಲಿ ಅಮೆರಿಕದಲ್ಲಿ ಹೊರಬಂದಿತು. ಅದನ್ನು ರೂಪಿಸಿದ ರಿಚರ್ಡ್ ಗಾರ್ಫೀಲ್ಡರು ಗಣಿತಶಾಸ್ತ್ರಜ್ಞರು. ಮರುವರ್ಷವೇ ವಿಶ್ವಮಟ್ಟದ ಪಂದ್ಯವೂ ನಡೆಯಿತು. ಸಾಮಾನ್ಯವಾಗಿ ಆಟಗಾರನು ಕನಿಷ್ಠ 60 ಕಾರ್ಡುಗಳ ಕಟ್ಟನ್ನು ತಾನೇ ಯೋಚಿಸಿ ಜೋಡಿಸಿ ತರಬೇಕು.

ನಮ್ಮ ಹಾಸ್ಟೆಲಿಗೆ ಈ ಕಾರ್ಡುಗಳನ್ನು ತಂದವನು ಬೆಂಗಳೂರಿನ ಗೆಳೆಯ. ಆಗ ನಾನು ಇಂಗ್ಲಿಷಿನಲ್ಲಿ ಬಾಯಿಬಿಡಲು ಅಂಜುತ್ತಿದ್ದವನು. ಕಾರ್ಡಿನ ಮೇಲಿನ ಸಣ್ಣಕ್ಷರಗಳನ್ನು ಓದಿ, ನಿಯಮದ ಅರ್ಥಕ್ಕಾಗಿ ವಾದಿಸಿ ಆ ಅಂಜಿಕೆಯನ್ನು ಕಳೆದುಕೊಂಡೆ. ಎದುರು ಕುಳಿತವನು ನನ್ನ ಜಾತಿಯನ್ನಾಗಲಿ, ತಂದೆಯ ಉದ್ಯೋಗವನ್ನಾಗಲಿ ಕೇಳಲಿಲ್ಲ. ಸೋತಾಗ ನನ್ನ ತಪ್ಪನ್ನು ನಾನೇ ಹುಡುಕುವುದನ್ನು ಕಲಿತೆ. ಇದು ಅಲ್ಪ ಲಾಭವಲ್ಲ.

ಆದರೆ ನಷ್ಟವೂ ಉಂಟು. ಕಾರ್ಡುಗಳು ಬರುವುದು ಮುಚ್ಚಿದ ಪೊಟ್ಟಣಗಳಲ್ಲಿ. ಒಳಗೆ ಯಾವ ಕಾರ್ಡಿದೆಯೆಂಬುದು ಕೊಳ್ಳುವವನಿಗೆ ತಿಳಿಯದು. ಅಪರೂಪದ ಕಾರ್ಡು ಬೇಕೆಂದರೆ ಪೊಟ್ಟಣದ ಮೇಲೆ ಪೊಟ್ಟಣ ಒಡೆಯಬೇಕು. ಇಲ್ಲವೆ ಬಿಡಿಯಾಗಿ ಹೆಚ್ಚಿನ ಬೆಲೆ ತೆರಬೇಕು. ಚದುರಂಗದಲ್ಲಾದರೆ ಬಡವನಿಗೂ ಸಿರಿವಂತನಿಗೂ ಹದಿನಾರೇ ಕಾಯಿಗಳು. ಇಲ್ಲಿ ಹಾಗಲ್ಲ.

ಕಳೆದ ವರ್ಷ ತಂದೆಯವರು ಪುಸ್ತಕಕ್ಕೆಂದು ಕೊಟ್ಟ ಹಣದಲ್ಲಿ ನಾಲ್ಕು ಪೊಟ್ಟಣಗಳನ್ನು ಕೊಂಡೆ. ಬೇಕಾದ ಕಾರ್ಡು ಒಂದೂ ಬರಲಿಲ್ಲ. ಊರಿಗೆ ಹೋದಾಗ, “ಪುಸ್ತಕ ಸಿಕ್ಕಿತೇನಪ್ಪ?” ಎಂದು ಕೇಳಿದರು. ಅಕ್ಷರ ಬಾರದ ಅವರ ಮುಂದೆ “ಹ್ಞೂಂ” ಎಂದುಬಿಟ್ಟೆ. ಇಸ್ಪೀಟಿನ ವಿಷಯದಲ್ಲಿ ಹಿರಿಯರು ಹೆದರುವುದು ಯಾವುದಕ್ಕೆಂದು ಅಂದು ನನಗೆ ಅರ್ಥವಾಯಿತು.

ಹಾಗೆಂದು ಆಟವನ್ನೇ ಬಿಡಬೇಕೆ? ಬೇಡವೆಂದೇ ನನ್ನ ಅಭಿಪ್ರಾಯ. ಒಂದೇ ಪೆಟ್ಟಿಗೆಯ ಕಾರ್ಡುಗಳನ್ನು ಎಲ್ಲರೂ ಸರದಿಯಂತೆ ಆರಿಸಿಕೊಂಡು ಆಡಿ, ಮರಳಿ ಅದರಲ್ಲಿಯೇ ಇಡುವ ಪದ್ಧತಿಯೊಂದುಂಟು. ಅದನ್ನು ‘ಕ್ಯೂಬ್’ ಎನ್ನುತ್ತಾರೆ. ನಾವು ಹಾಸ್ಟೆಲಿನಲ್ಲಿ ಈಗ ಹಾಗೆಯೇ ಆಡುತ್ತೇವೆ. ನನ್ನ ಕಾರ್ಡುಗಳನ್ನೂ ಆ ಪೆಟ್ಟಿಗೆಗೆ ಸೇರಿಸಿದ್ದೇನೆ. ಗ್ರಂಥಾಲಯದ ಪುಸ್ತಕದಂತೆ ಕಾಲೇಜಿನ ಕ್ರೀಡಾವಿಭಾಗದಲ್ಲಿಯೂ ಅಂಥದೊಂದು ಪೆಟ್ಟಿಗೆ ಇರಬಾರದೇಕೆ? ಬುದ್ಧಿಯ ಪಂದ್ಯದಲ್ಲಿ ಹಣದ ಕೈ ಮೇಲಾಗಕೂಡದು.

ಆ ಪುಸ್ತಕವನ್ನು ಗ್ರಂಥಾಲಯದಿಂದ ತಂದು ಓದಿಕೊಂಡೆ. ತಂದೆಯವರಿಗೆ ನಿಜ ಹೇಳುವುದು ಇನ್ನೂ ಉಳಿದಿದೆ. ಈ ಸಂಚಿಕೆಯನ್ನು ಊರಿಗೆ ಒಯ್ದು, ಈ ಲೇಖನವನ್ನು ಅವರಿಗೆ ನಾನೇ ಓದಿ ಹೇಳಬೇಕೆಂದಿದ್ದೇನೆ.